ಖಿನ್ನತೆಯ ಮಾತ್ರೆ, ನಿದ್ರೆಯ ಕೆಲಸ

ತಿಂಗಳುಗಟ್ಟಲೆ ನಿದ್ರೆ ಬಾರದೆ ಬೇಸತ್ತ ಒಬ್ಬ ಹಿರಿಯರು ವೈದ್ಯರ ಬಳಿಗೆ ಹೋಗುತ್ತಾರೆಂದು ಭಾವಿಸೋಣ. ವೈದ್ಯರು 10 ಮಿಲಿಗ್ರಾಂ ಔಷಧಿಯುಳ್ಳ ಒಂದು ಸಣ್ಣ ಮಾತ್ರೆಯನ್ನು ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೆ ಮಗನೋ ಮೊಮ್ಮಗಳೋ ಅದರ ಹೆಸರನ್ನು ಹುಡುಕಿ, ಅದು ಮಾನಸಿಕ ಖಿನ್ನತೆಗೆ ಕೊಡುವ ಮದ್ದೆಂದು ಓದಿ ಹೇಳುತ್ತಾರೆ. ಅಲ್ಲಿಂದ ಮುಂದೆ ಎರಡು ಬಗೆಯ ತಪ್ಪುಗಳು ನಡೆಯುವುದುಂಟು. “ನನಗೇನು ಬುದ್ಧಿ ಕೆಟ್ಟಿದೆಯೆ?” ಎಂದು ಕೆರಳಿ ಮಾತ್ರೆಯನ್ನು ಮೂಲೆಗೆಸೆಯುವುದು ಒಂದು. ನಿಜವಾಗಿಯೂ ಖಿನ್ನತೆಯಿಂದ ನರಳುತ್ತಿರುವವರು “ಹೇಗೂ ಅದರ ಮದ್ದನ್ನೇ ನುಂಗುತ್ತಿದ್ದೇನಲ್ಲ” ಎಂದು ಸಮಾಧಾನಪಟ್ಟು, ತಕ್ಕ ಚಿಕಿತ್ಸೆಯಿಲ್ಲದೆ ಉಳಿದುಬಿಡುವುದು ಮತ್ತೊಂದು. ಈ ಎರಡನೆಯದೇ ಹೆಚ್ಚು ಅಪಾಯಕರ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೆ ಈ ಪ್ರಶ್ನೆಯ ತಿರುಳು ಪರಿಮಾಣ ಮತ್ತು ಕಾಲ ಇವೆರಡರ ಲೆಕ್ಕವಾದುದರಿಂದ ಅದನ್ನು ಇಲ್ಲಿ ಕೈಗೆತ್ತಿಕೊಂಡಿದ್ದೇವೆ.

ಮೊದಲು ಸ್ವಲ್ಪ ಚರಿತ್ರೆ. ಹಿಸ್ಟಮೀನ್ ಎಂಬುದು ನಮ್ಮ ದೇಹದಲ್ಲಿಯೇ ಉತ್ಪತ್ತಿಯಾಗುವ ಒಂದು ರಾಸಾಯನಿಕ. ಸೊಳ್ಳೆ ಕಡಿದಲ್ಲಿ ದದ್ದು ಏಳುವುದು, ಧೂಳಿಗೆ ಮೂಗು ಸೋರುವುದು ಇದರ ಕೆಲಸ. ಇದನ್ನು ತಡೆಯುವ ಮೊದಲ ಪದಾರ್ಥವನ್ನು 1937ರಲ್ಲಿ ಪ್ಯಾರಿಸಿನ ಪಾಸ್ಟರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಬೊವೆಯವರಿಗೆ 1957ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅನಂತರ ಅನೇಕ ಔಷಧಿ ತಯಾರಕರು ಇಂಥ ಪದಾರ್ಥಗಳ ಬೆನ್ನು ಹತ್ತಿದರು. ಸ್ವಿಟ್ಸರ್ಲೆಂಡಿನ ಗೈಗಿ ಸಂಸ್ಥೆ ಹಿಸ್ಟಮೀನ್ ನಿರೋಧಕಗಳನ್ನೂ ಶಮನಕಾರಿಗಳನ್ನೂ ಅರಸುತ್ತ ತಯಾರಿಸಿದ ಸಂಯುಕ್ತಗಳಲ್ಲಿ ಒಂದನ್ನು ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ಮನೋವೈದ್ಯರು ಪರೀಕ್ಷಿಸಿದರು. ಸ್ಕಿಜೊಫ್ರೇನಿಯ ರೋಗಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ. ಆದರೆ ಖಿನ್ನತೆಯ ರೋಗಿಗಳು ಚೇತರಿಸಿಕೊಂಡರು. 1957ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಇಮಿಪ್ರಮೀನ್ ಹೆಸರುವಾಸಿಯಾಯಿತು. ಅಣುವಿನಲ್ಲಿ ಮೂರು ಉಂಗುರಗಳುಳ್ಳ ಇದೇ ಮನೆತನದ ಅಮಿಟ್ರಿಪ್ಟಿಲೀನ್ ಮತ್ತು ಡಾಕ್ಸೆಪಿನ್‌ಗಳು 1960ರ ದಶಕದಲ್ಲಿ ಬಳಕೆಗೆ ಬಂದುವು. ನಿದ್ರೆ ತರಿಸುವ ಗುಣ ಈ ಔಷಧಿಗಳಿಗೆ ಹೊಸದಾಗಿ ಅಂಟಿಕೊಂಡದ್ದಲ್ಲ, ವಂಶದಿಂದಲೇ ಬಂದದ್ದೆಂಬುದು ಇದರಿಂದ ತಿಳಿಯುತ್ತದೆ.

ಮಿದುಳಿನಲ್ಲಿ ಹಿಸ್ಟಮೀನಿನ ಕೆಲಸವೇ ಬೇರೆ. ಹೈಪೊಥಲಾಮಸ್ಸಿನ ಹಿಂಭಾಗದಲ್ಲಿರುವ ಒಂದು ಸಣ್ಣ ನರಕೋಶಗಳ ಗುಂಪು ನಾವು ಎಚ್ಚರವಾಗಿರುವಾಗ ಮಿದುಳಿನ ನಾನಾ ಭಾಗಗಳಿಗೆ ಹಿಸ್ಟಮೀನನ್ನು ಸುರಿಸುತ್ತಿರುತ್ತದೆ. ನಿದ್ರೆಯಲ್ಲಿ ಈ ಕೋಶಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ಹಿಸ್ಟಮೀನ್ ಬಂದು ಕೂರುವ ತಾಣಕ್ಕೆ ಎಚ್-1 ಗ್ರಾಹಕವೆಂದು ಹೆಸರು. ಬೇರೊಂದು ಅಣು ಆ ತಾಣವನ್ನು ಆಕ್ರಮಿಸಿಕೊಂಡರೆ ಎಚ್ಚರದ ಸಂದೇಶ ಮುಟ್ಟುವುದಿಲ್ಲ. ನೆಗಡಿಯ ಹಳೆಯ ಕಾಲದ ಮಾತ್ರೆಗಳನ್ನು ನುಂಗಿದವರು ತೂಕಡಿಸುವುದು ಇದೇ ಕಾರಣದಿಂದ.

ಈ ಗ್ರಾಹಕದ ಆಕಾರವನ್ನು 2011ರಲ್ಲಿ ಜಪಾನಿನ ವಿಜ್ಞಾನಿಗಳು ಮುಖ್ಯರಾಗಿದ್ದ ಒಂದು ತಂಡ ಕ್ಷ-ಕಿರಣಗಳ ಸಹಾಯದಿಂದ ಬಿಡಿಸಿತು. ಗ್ರಾಹಕವನ್ನು ಸ್ಫಟಿಕವಾಗಿಸಿ, ಕಿರಣಗಳು ಚದರುವ ರೀತಿಯಿಂದ ಒಳರಚನೆಯನ್ನು ಲೆಕ್ಕಹಾಕುವ ಈ ವಿಧಾನ ನಮ್ಮಂಥವರಿಗೆ ಪ್ರಿಯವಾದದ್ದು. ಅವರಿಗೆ ದೊರೆತ ಸ್ಪಷ್ಟತೆ 3.1 ಆಂಗ್‌ಸ್ಟ್ರಾಂ; ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಒಂದು ಕೋಟಿಯಲ್ಲೊಂದು ಭಾಗ. ಆ ಸ್ಫಟಿಕದಲ್ಲಿ ಗ್ರಾಹಕದ ಗುಳಿಯೊಳಗೆ ಕುಳಿತಿದ್ದ ಅಣು ಯಾವುದೆಂದು ವಾಚಕರು ಊಹಿಸಬಹುದು: ಡಾಕ್ಸೆಪಿನ್. ಅದು ಗುಳಿಯ ಆಳಕ್ಕೆ ಇಳಿದು ಕುಳಿತಿತ್ತು. ಆ ಆಳದ ಭಾಗ ಮಿದುಳಿನ ಇತರ ಹಲವು ಗ್ರಾಹಕಗಳಲ್ಲಿಯೂ ಹೆಚ್ಚು ಕಡಮೆ ಒಂದೇ ರೀತಿಯಾಗಿದೆ. ಒಂದೇ ಬೀಗದ ಕೈ ಮನೆಯ ಹಲವು ಬಾಗಿಲುಗಳಿಗೆ ಹೊಂದುವಂತೆ, ಈ ಅಣು ಬೇರೆ ಬೇರೆ ತಾಣಗಳಿಗೂ ಅಂಟಿಕೊಳ್ಳುವುದು ಇದರಿಂದಲೇ.

ಹಾಗಾದರೆ ಅದು ಯಾವ ಬಾಗಿಲನ್ನು ಮೊದಲು ಹಿಡಿಯುತ್ತದೆ? ಕಾಲುವೆಯಲ್ಲಿ ಸ್ವಲ್ಪವೇ ನೀರು ಬಿಟ್ಟರೆ ತಗ್ಗಿನ ಗದ್ದೆ ತುಂಬುತ್ತದೆ. ದಿಬ್ಬದ ಗದ್ದೆಗೆ ಏರಬೇಕಾದರೆ ನೀರು ಬಹಳ ಬೇಕು. ಡಾಕ್ಸೆಪಿನ್ ಎಚ್-1 ಗ್ರಾಹಕಕ್ಕೆ ಅಂಟುವ ಬಿಗಿತ, ಖಿನ್ನತೆಗೆ ಸಂಬಂಧಿಸಿದ ತಾಣಗಳಿಗೆ ಅಂಟುವ ಬಿಗಿತಕ್ಕಿಂತ 100 ಪಟ್ಟಿಗೂ ಮಿಗಿಲು. ನೂರು ಪಟ್ಟೆಂದೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಎಚ್-1 ತಾಣಗಳಲ್ಲಿ ಅರ್ಧವನ್ನು ತುಂಬಲು ಬೇಕಾದ ಪ್ರಮಾಣದ 10ರಷ್ಟು ಔಷಧಿ ಇದೆಯೆನ್ನೋಣ. ಆಗ ಎಚ್-1 ತಾಣಗಳಲ್ಲಿ 11ರಲ್ಲಿ 10 ಪಾಲು, ಎಂದರೆ ನೂರಕ್ಕೆ 91 ತುಂಬಿರುತ್ತವೆ. ಖಿನ್ನತೆಯ ತಾಣಗಳಲ್ಲಿ ನೂರಕ್ಕೆ 9 ಮಾತ್ರ. ಈಗ ಔಷಧಿಯನ್ನು 25 ಪಟ್ಟು ಹೆಚ್ಚಿಸಿದರೆ ಎಚ್-1ರಲ್ಲಿ 91 ಇದ್ದದ್ದು 99ಕ್ಕೆ ಏರಿ ನಿಲ್ಲುತ್ತದೆ; ಆದರೆ ಖಿನ್ನತೆಯ ತಾಣಗಳಲ್ಲಿ 9 ಇದ್ದದ್ದು 71ಕ್ಕೆ ಏರುತ್ತದೆ. ಜೀವಂತ ಮಿದುಳು ಇಷ್ಟು ಸರಳವಲ್ಲವೆಂಬುದು ನಿಜ. ಆದರೂ 25 ಎಂಬ ಸಂಖ್ಯೆಯನ್ನು ನಾವು ಸುಮ್ಮನೆ ಆರಿಸಲಿಲ್ಲ. ಖಿನ್ನತೆಗೆ ಡಾಕ್ಸೆಪಿನ್ ಕೊಡುವುದು ದಿನಕ್ಕೆ 75 ಮಿಲಿಗ್ರಾಂ ಅಥವಾ ಅದಕ್ಕೂ ಮೇಲೆ. ಅಮೆರಿಕೆಯಲ್ಲಿ ನಿದ್ರಾಹೀನತೆಗೆಂದು 2010ರಲ್ಲಿ ಒಪ್ಪಿಗೆ ಪಡೆದ ಪ್ರಮಾಣ 3 ಮತ್ತು 6 ಮಿಲಿಗ್ರಾಂ.

ಆದುದರಿಂದ ಹೆಸರು ಒಂದೇ ಆದರೂ 3 ಮಿಲಿಗ್ರಾಮಿನ ಮಾತ್ರೆಯೂ 75 ಮಿಲಿಗ್ರಾಮಿನ ಮಾತ್ರೆಯೂ ಒಂದೇ ಔಷಧಿಯಲ್ಲವೆಂದೇ ಹೇಳಬೇಕು. ನಿದ್ರೆಗೆಂದು 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್ ನುಂಗುವವರು ಖಿನ್ನತೆಯ ರೋಗಿಗಳೆಂದು ಅರ್ಥವಲ್ಲ. ಖಿನ್ನತೆ ಇದ್ದವರಿಗೆ ಅಷ್ಟರಿಂದ ಅದು ವಾಸಿಯಾಗುವುದೂ ಇಲ್ಲ. ನಿದ್ರೆ ಸಾಲದೆಂದು ತಾವಾಗಿಯೇ ಒಂದಕ್ಕೆ ನಾಲ್ಕು ಮಾತ್ರೆ ನುಂಗುವವರಿಗೆ ಹೆಚ್ಚುವುದು ನಿದ್ರೆಯಲ್ಲ. ಬಾಯೊಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಎದ್ದು ನಿಂತಾಗ ಕಣ್ಣು ಕತ್ತಲೆಗೊಳ್ಳುವುದು ಇವೇ ಹೆಚ್ಚುತ್ತವೆ. ಇನ್ನೂ ಮಿತಿಮೀರಿದರೆ ಈ ಮೂರುಂಗುರದ ಔಷಧಿಗಳು ಹೃದಯದ ಲಯವನ್ನೇ ಕೆಡಿಸಿ ಪ್ರಾಣ ತೆಗೆಯಬಲ್ಲುವು. ಮಕ್ಕಳಿರುವ ಮನೆಯಲ್ಲಿ ಇವನ್ನು ಕೈಗೆಟುಕದಂತೆ ಇಡಬೇಕು.

ಪರಿಮಾಣದ ಮಾತು ಇಷ್ಟಾಯಿತು; ಇನ್ನು ಕಾಲ. ರೇಡಿಯಂ ಕ್ಷಯಿಸುವುದನ್ನು ಅಳೆಯಲು ಬಳಸುವ ಅರ್ಧಾಯುವೆಂಬ ಕಲ್ಪನೆ ಇಲ್ಲಿಯೂ ಒದಗುತ್ತದೆ. ದೇಹದಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಹಿಡಿಯುವ ಸಮಯವೇ ಅದರ ಅರ್ಧಾಯು. ಟ್ರಾಜೊಡೋನ್ ಎಂಬ ಇನ್ನೊಂದು ಔಷಧಿಗೆ ಇದು 5ರಿಂದ 9 ಗಂಟೆ. ಮಿರ್ಟಜಪೀನ್ ಎಂಬುದಕ್ಕೆ 20ರಿಂದ 40 ಗಂಟೆ. ರಾತ್ರಿ 10 ಗಂಟೆಗೆ ನುಂಗಿ ಬೆಳಗ್ಗೆ 6ಕ್ಕೆ ಎದ್ದರೆ, ಅರ್ಧಾಯು 6 ಗಂಟೆಯಾದ ಔಷಧಿಯಲ್ಲಿ ನೂರಕ್ಕೆ 40 ಭಾಗ ಇನ್ನೂ ಉಳಿದಿರುತ್ತದೆ. ಅರ್ಧಾಯು 24 ಗಂಟೆಯಾದರೆ ಉಳಿಯುವುದು ನೂರಕ್ಕೆ 79. ಅಷ್ಟೇ ಅಲ್ಲ. ಪ್ರತಿ ರಾತ್ರಿಯೂ ಒಂದು ಮಾತ್ರೆ ನುಂಗುತ್ತಿದ್ದರೆ ನಿನ್ನೆಯದರ ಅರ್ಧ, ಮೊನ್ನೆಯದರ ಕಾಲು, ಅದರ ಹಿಂದಿನದರ ಅರೆಕಾಲು ಎಲ್ಲ ಕೂಡಿಕೊಂಡು, ವಾರ ಕಳೆಯುವಷ್ಟರಲ್ಲಿ ನುಂಗಿದ ಕೂಡಲೆ ದೇಹದಲ್ಲಿರುವುದು ಎರಡು ಮಾತ್ರೆಗಳಷ್ಟಾಗುತ್ತದೆ. ಬೆಳಗ್ಗೆ ಆರಕ್ಕೆ ಒಂದೂವರೆ ಮಾತ್ರೆಗೂ ಮೇಲೆ! ತೂಕಡಿಕೆಗೆ ಮಿದುಳು ಸ್ವಲ್ಪ ಒಗ್ಗಿಕೊಳ್ಳುತ್ತದೆ, ಸರಿ. ಆದರೂ ಬೆಳಗ್ಗೆ ವಾಹನ ನಡೆಸುವವರೂ, ನಡುರಾತ್ರಿ ಬಚ್ಚಲಿಗೆಂದು ಕತ್ತಲಲ್ಲಿ ಎದ್ದುಹೋಗುವ ವೃದ್ಧರೂ ಈ ಲೆಕ್ಕವನ್ನು ಮರೆಯಬಾರದು. ವೃದ್ಧರ ತೊಡೆಯ ಮೂಳೆ ಮುರಿಯಲು ಒಮ್ಮೆ ಜಾರಿದರೆ ಸಾಕು.

ಇಷ್ಟಾದರೂ ವೈದ್ಯರು ಇವನ್ನೇಕೆ ಕೊಡುತ್ತಾರೆ? ಬಾರ್ಬಿಟ್ಯುರೇಟುಗಳಿಂದ ಅನೇಕರು ಸತ್ತರು. ಅವುಗಳ ಸ್ಥಾನಕ್ಕೆ ಬಂದ ಡಯಾಜೆಪಾಮ್ ವರ್ಗದ ಮಾತ್ರೆಗಳು ಚಟ ಹಿಡಿಸುತ್ತವೆ. ಖಿನ್ನತೆಯ ಔಷಧಿಗಳಿಗೆ ಆ ಬಗೆಯ ಚಟವಿಲ್ಲ, ಬೆಲೆಯೂ ಅಗ್ಗ. ಫಲವೆಷ್ಟು ಎಂಬುದಕ್ಕೆ ಮಾತ್ರ ಆಧಾರ ತೆಳುವು. ಇಂಥ 23 ಪರೀಕ್ಷೆಗಳನ್ನು, ಒಟ್ಟು 2806 ಜನರ ವಿವರಗಳೊಡನೆ, ಕಾಕ್ರೇನ್ ಸಂಸ್ಥೆ 2018ರಲ್ಲಿ ತೂಗಿನೋಡಿತು. ಅಲ್ಪಪ್ರಮಾಣದ ಡಾಕ್ಸೆಪಿನ್ ಮತ್ತು ಟ್ರಾಜೊಡೋನ್‌ಗಳಿಂದ ಕೆಲವು ವಾರಗಳ ಮಟ್ಟಿಗೆ ಸ್ವಲ್ಪ ಗುಣ ಕಂಡುಬಂದಿತು. ಅಷ್ಟೊಂದು ಬಳಕೆಯಲ್ಲಿರುವ ಅಮಿಟ್ರಿಪ್ಟಿಲೀನಿನ ಬಗ್ಗೆ ಪರಿಗಣಿಸಲು ತಕ್ಕ ಪುರಾವೆಯೇ ಸಿಗಲಿಲ್ಲ. ಅಮೆರಿಕೆಯ ನಿದ್ರಾವೈದ್ಯರ ಸಂಘ 2017ರಲ್ಲಿ, ನಡುರಾತ್ರಿ ಎಚ್ಚರಗೊಳ್ಳುವವರಿಗೆ ಡಾಕ್ಸೆಪಿನ್ ಕೊಡಬಹುದೆಂದೂ ಟ್ರಾಜೊಡೋನ್ ಬೇಡವೆಂದೂ ಸಲಹೆಯಿತ್ತಿತು. ಪೇಟೆಂಟ್ ಮುಗಿದ ಹಳೆಯ ಮಾತ್ರೆಯನ್ನು ಹಣ ಸುರಿದು ಪರೀಕ್ಷಿಸುವ ಉತ್ಸಾಹ ಯಾವ ತಯಾರಕನಿಗಿದ್ದೀತು?

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಭ್ಯಾಸಗಳನ್ನು ತಿದ್ದುವ ಕ್ರಮಬದ್ಧ ಶಿಕ್ಷಣವೆಂದು ಅಮೆರಿಕೆಯ ವೈದ್ಯರ ಕಾಲೇಜು 2016ರಲ್ಲಿಯೇ ಹೇಳಿದೆ. ನಿದ್ರೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ಏಳುವ ಹೊತ್ತನ್ನು ಬದಲಿಸದಿರುವುದು, ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಲೆಕ್ಕವಿಟ್ಟು ಕಡಮೆ ಮಾಡುವುದು ಇದರ ಮುಖ್ಯ ಅಂಗಗಳು. ಇದು ನಿಧಾನದ ದಾರಿ. ಕಲಿಸಬಲ್ಲವರೂ ಎಲ್ಲ ಊರುಗಳಲ್ಲಿ ಇಲ್ಲ.

ಮಾತ್ರೆಯನ್ನು ಬಿಡುವವರಿಗೂ ಅರ್ಧಾಯುವಿನ ಲೆಕ್ಕ ಬೇಕು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿಯೇ ನಿಲ್ಲಿಸುತ್ತಾರೆ. ಅವರನ್ನು ಕೇಳದೆ ಥಟ್ಟನೆ ಬಿಟ್ಟವರು ಮೊದಲ ರಾತ್ರಿ ಸುಖವಾಗಿ ಮಲಗಿ, “ಇನ್ನು ಮದ್ದು ಬೇಡ” ಎಂದು ಹಿಗ್ಗುವುದುಂಟು. ಆದರೆ 24 ಗಂಟೆಯ ಅರ್ಧಾಯುವಿನ ಔಷಧಿಯಾಗಿದ್ದರೆ ಆ ರಾತ್ರಿ ಅವರ ದೇಹದಲ್ಲಿ ಇನ್ನೂ ಒಂದು ಪೂರ್ಣ ಮಾತ್ರೆಯಷ್ಟು ಉಳಿದಿರುತ್ತದೆ. ಚಿಕಿತ್ಸೆಯ ಮೊತ್ತಮೊದಲ ರಾತ್ರಿ ನುಂಗಿದ್ದೂ ಅಷ್ಟೇ. ಎರಡನೆಯ ರಾತ್ರಿ ಅದು ಅರ್ಧ, ಮೂರನೆಯ ರಾತ್ರಿ ಕಾಲು, ನಾಲ್ಕನೆಯ ರಾತ್ರಿ ಅರೆಕಾಲು. ಔಷಧಿಯಿಲ್ಲದೆ ನಿದ್ರೆ ಬರುವುದೋ ಇಲ್ಲವೋ ಎಂಬುದು ತಿಳಿಯುವುದು ಆಮೇಲಿನ ರಾತ್ರಿಗಳಲ್ಲಿ.