ಟ್ಯಾಂಕು ಹತ್ತಿದ ದಾರಿ

ಮಡಿಕೇರಿಗೆ ಹೊರಟಿದ್ದೀಯಂತೆ. ರಾಜಾಸೀಟು, ಅಬ್ಬಿ ಜಲಪಾತ ಹೇಗೂ ನೋಡ್ತೀಯ. ‘ಸನ್ನಿಸೈಡ್’ಗೂ ಒಂದು ಬೆಳಗ್ಗೆ ಮೀಸಲಿಡು ಮಗು. ಜನರಲ್ ತಿಮ್ಮಯ್ಯನವರ ಮನೆ ಅದು, 2021ರಿಂದ ಮ್ಯೂಸಿಯಂ. ಅಂಗಳದ ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೋ, ಬೇಡ ಅನ್ನಲ್ಲ. ಆಮೇಲೆ ಫೋನು ಜೇಬಿಗಿಳಿಸಿ ಒಳಗೆ ಹೋಗು.

ತಿಮ್ಮಯ್ಯ ಅಂದಕೂಡಲೇ ಜೋಜಿ ಲಾ ಮಾತು ಬರುತ್ತದೆ. 1948ರಲ್ಲಿ ಕಾಶ್ಮೀರದ ಆ ಕಣಿವೆ ಪಾಕಿಸ್ತಾನದ ಕಡೆಯವರ ಕೈಯಲ್ಲಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಕಡಿದುಹೋಗಿತ್ತು. ಸೆಪ್ಟೆಂಬರಿನಲ್ಲಿ ಕಾಲ್ದಳ ನಡೆಸಿದ ದಾಳಿ ಫಲಿಸಲಿಲ್ಲ. ನವೆಂಬರ್ 1ರಂದು, 11,000 ಅಡಿಗೂ ಮೇಲೆ, ಹಿಮದ ನಡುವಿನಿಂದ ತಿಮ್ಮಯ್ಯನವರ ನೇತೃತ್ವದಲ್ಲಿ ಸ್ಟುವರ್ಟ್ ಟ್ಯಾಂಕುಗಳು ನುಗ್ಗಿಬಂದಾಗ ಎದುರಿನವರು ಕಂಗಾಲಾದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ.

ಅಷ್ಟು ಭಾರದ ಟ್ಯಾಂಕು ಅಲ್ಲಿಗೆ ಹತ್ತಿದ್ದು ಹೇಗೆ? ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಹಾದಿ. ಟ್ಯಾಂಕುಗಳ ಗೋಪುರ ಕಳಚಿ, ಗುಟ್ಟಾಗಿ, ಜಮ್ಮುವಿನಿಂದ ಸಾಗಿಸಿದ್ದಾಯಿತು. ಆದರೆ ಕಡೆಯ ಆ ಏರು ಇತ್ತಲ್ಲ, ಅದನ್ನು ಬಂಡೆ ಸಿಡಿಸಿ, ಮಣ್ಣು ತುಂಬಿ, ಚಳಿಯಲ್ಲಿ ಅಗಲ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಗುದ್ದಲಿ, ಹಾರೆ, ಸಿಡಿಮದ್ದು ಅವರ ಆಯುಧ. ಅವರ ಕೇಂದ್ರ ಬೇರೆಲ್ಲೂ ಅಲ್ಲ, ಬೆಂಗಳೂರಿನ ಹಲಸೂರು ಕೆರೆಯ ಬಳಿ. ನಿನ್ನ ಸಿಟಿ ಬಸ್ಸು ಆ ಕೇಂದ್ರದ ಗೋಡೆಯ ಪಕ್ಕದಲ್ಲೇ ಓಡುತ್ತದೆ.

ಸಾಹಸ ಮಾಡಿದರೆ ಸಾಲದು, ಕಂಡವರೂ ಇರಬೇಕು. ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಮರಳಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಿಂದ ಅವರು ಎದುರಾಳಿಯ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಉರುಳಿಸಿದ್ದು ನಮ್ಮವರಿಗೆ ತಿಳಿದದ್ದು, ವರ್ಷಗಳ ಮೇಲೆ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರ ಬರೆದಾಗ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಅದಕ್ಕೇ ಹೇಳ್ತೀನಿ, ಊರಿಗೆ ಬಂದಮೇಲೆ ಪಿಂಚಣಿಗೆಂದು ಬ್ಯಾಂಕಿನಲ್ಲಿ ಕೂತಿರುವ ಮಾಜಿ ಸೈನಿಕರನ್ನು ಮಾತಾಡಿಸು. ‘ಎಷ್ಟು ಜನರನ್ನ ಹೊಡೆದ್ರಿ’ ಅಂತ ಶುರು ಮಾಡಬೇಡ ಮಾರಾಯ, ಅದು ಸಿನಿಮಾ ಪ್ರಶ್ನೆ. ‘ಯಾವ ಕೆಲಸದಲ್ಲಿದ್ರಿ’ ಅಂತ ಕೇಳು. ಡ್ರೈವರ್ ಆಗಿದ್ದೆ, ಅಡುಗೆ ಮಾಡ್ತಿದ್ದೆ, ತಂತಿ ಎಳೀತಿದ್ದೆ ಅಂದರೆ ಮುಖ ಸಪ್ಪೆ ಮಾಡಿಕೊಳ್ಳಬೇಡ. ಇಸವಿ, ಜಾಗ, ತುಕಡಿಯ ಹೆಸರು ಬರೆದುಕೋ. ಬರೆದದ್ದನ್ನು ಅವರಿಗೇ ಒಮ್ಮೆ ಓದಿ ಹೇಳು, ತಪ್ಪಿದ್ದರೆ ತಿದ್ದುತ್ತಾರೆ.