ಬಾಡಿಗೆಗೆ ತಂದ ದಫ್ ಹರಿದಾಗ

ಮದುವೆಗೆಂದು ದಫ್, ಧ್ವನಿವರ್ಧಕ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ತರುತ್ತೇವೆ. ಮರುದಿನ ನೋಡಿದರೆ ಒಂದು ದಫ್‌ನ ಚರ್ಮ ಹರಿದಿರುತ್ತದೆ, ಇಲ್ಲವೇ ಎಣಿಕೆಯಲ್ಲಿ ಒಂದು ಕಡಿಮೆ ಬರುತ್ತದೆ. ಹರಿದುದನ್ನು ಎಲ್ಲಕ್ಕಿಂತ ಅಡಿಯಲ್ಲಿಟ್ಟು ಕಳುಹಿಸಿ ಬಿಡುವವರಿದ್ದಾರೆ. 'ಬಾಡಿಗೆ ಕೊಟ್ಟಿದ್ದೇವಲ್ಲ' ಎಂಬ ಸಮಾಧಾನ ಬೇರೆ!

ಸಹೋದರರೇ, ನೀವು ಕೊಟ್ಟ ಬಾಡಿಗೆ ಉಪಯೋಗಕ್ಕೆ ಮಾತ್ರ. ವಸ್ತು ಇನ್ನೊಬ್ಬರದು. ನಿಮ್ಮ ಕೈಯಲ್ಲಿ ಅದು ಅಮಾನತ್. ಅಮಾನತ್ತುಗಳನ್ನು ಹಕ್ಕುದಾರರಿಗೆ ಮರಳಿಸಬೇಕೆಂಬುದು ಪವಿತ್ರ ಕುರ್‌ಆನಿನ (4:58) ಆಜ್ಞೆ.

ಹಾಗಾದರೆ ನಷ್ಟವನ್ನು ಯಾರು ಹೊರಬೇಕು? ಬಾಡಿಗೆದಾರನ ತಪ್ಪಿಲ್ಲದೆ ವಸ್ತು ಹಾಳಾದರೆ ನಷ್ಟ ಮಾಲಿಕನದು; ಅಜಾಗರೂಕತೆಯಿಂದ ಅಥವಾ ಮಿತಿಮೀರಿದ ಬಳಕೆಯಿಂದ ಹಾಳಾದರೆ ಬಾಡಿಗೆದಾರನು ಪರಿಹಾರ ಕೊಡಬೇಕು ಎಂಬುದು ಕರ್ಮಶಾಸ್ತ್ರದ ನಿಯಮ. ಮಳೆಗಾಲದ ತೇವಕ್ಕೆ ದಫ್‌ನ ಚರ್ಮ ಸಡಿಲವಾಗುವುದು ಸಹಜ. ಎಂದಿನಂತೆ ಬಾರಿಸುತ್ತಿರುವಾಗಲೇ ಹಳೆಯ ಚರ್ಮ ಬಿರಿದರೆ ನಿಮ್ಮ ಮೇಲೆ ಹೊಣೆಯಿಲ್ಲ. ಆದರೆ ಬಿಗಿ ಮಾಡಲೆಂದು ಬೆಂಕಿಗೆ ತೀರಾ ಹತ್ತಿರ ಹಿಡಿದು ಸುಟ್ಟರೆ, ರಾತ್ರಿಯಿಡೀ ಅಂಗಳದಲ್ಲಿ ಬಿಟ್ಟು ನೆನೆಸಿದರೆ, ಮಕ್ಕಳ ಆಟಕ್ಕೆ ಕೊಟ್ಟು ಒಡೆಸಿದರೆ ಹೊಣೆ ನಿಮ್ಮದೇ. ಬೀಗ ಹಾಕಿಟ್ಟ ಕೋಣೆಯಿಂದ ಕಳ್ಳತನವಾದುದಕ್ಕೂ ಬೀದಿಬದಿಯಲ್ಲಿಟ್ಟು ಕಳೆದುಕೊಂಡುದಕ್ಕೂ ಇದೇ ವ್ಯತ್ಯಾಸ.

ಬಾಡಿಗೆಯಿಲ್ಲದೆ ಎರವಲು ತಂದ ವಸ್ತುವಿನ ವಿಧಿ ಬೇರೆ. ಅನುಮತಿಸಿದ ಬಳಕೆಯಿಂದ ಸವೆದುದನ್ನು ಬಿಟ್ಟರೆ, ತಪ್ಪಿಲ್ಲದಿದ್ದರೂ ಅದರ ನಷ್ಟ ತುಂಬಿ ಕೊಡಬೇಕೆಂದು ಶಾಫಿಈ ಮದ್‌ಹಬ್ ಹೇಳುತ್ತದೆ. ತಪ್ಪೆಸಗಿದರೆ ಮಾತ್ರ ಪರಿಹಾರವೆಂದು ಹನಫಿ ಮದ್‌ಹಬ್ ಹೇಳುತ್ತದೆ.

ಹಿಜರಿ 8ರಲ್ಲಿ ಹುನೈನ್ ಯುದ್ಧಕ್ಕೆ ಮುಂಚೆ ಪ್ರವಾದಿವರ್ಯರು(ಸ) ಸಫ್ವಾನ್ ಬಿನ್ ಉಮಯ್ಯಾರಿಂದ ಯುದ್ಧ ಕವಚಗಳನ್ನು ಕೇಳಿದರು. ಸಫ್ವಾನ್ ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಇದು ಬಲವಂತವೇ ಎಂದು ಅವರು ಕೇಳಿದಾಗ, ಅಲ್ಲ, ಹೊಣೆ ಹೊತ್ತು ಪಡೆಯುವ ಎರವಲು ಎಂದು ಪ್ರವಾದಿ(ಸ) ಸ್ಪಷ್ಟಪಡಿಸಿದರು. ಕೆಲವು ಕವಚಗಳು ಕಳೆದುಹೋದಾಗ ಪರಿಹಾರ ಕೊಡಲು ತಾವೇ ಮುಂದಾದರೆಂದು ಹದೀಸ್‌ಗಳಲ್ಲಿ ವರದಿಯಾಗಿದೆ. ಮಕ್ಕಾ ವಿಜಯಿಯಾಗಿದ್ದ ನಾಯಕರ ನಡತೆಯಿದು! ಕೊಟ್ಟವನು ಯಾವ ಧರ್ಮದವನೆಂದು ನೋಡಿ ಹಕ್ಕು ಹೆಚ್ಚು ಕಡಿಮೆಯಾಗುವುದಿಲ್ಲ.

ಬಾಡಿಗೆಗೆ ಕೊಡುವವರಿಗೂ ಒಂದು ಮಾತು. ಕೊಡುವಾಗಲೇ ಎಣಿಸಿ, ಇರುವ ಬಿರುಕನ್ನು ತೋರಿಸಿ, ಬರೆದಿಡಿರಿ. ಸರಿಪಡಿಸಬಹುದಾದುದಕ್ಕೆ ಹೊಸದರ ಬೆಲೆ ಕೇಳಬೇಡಿರಿ. ಹಳೆಯ ಬಿರುಕಿನ ದಂಡವನ್ನು ಹೊಸ ಗಿರಾಕಿಯ ತಲೆಗೆ ಕಟ್ಟುವುದು ಅನ್ಯಾಯ.

ಕೊಡಬೇಕಾದ ಪರಿಹಾರವೂ ಸಾಲವೇ. ಅದನ್ನು ತೀರಿಸದೆ, ಹಕ್ಕುದಾರನ ಕ್ಷಮೆಯನ್ನೂ ಪಡೆಯದೆ ಸತ್ತರೆ ಪರಲೋಕದಲ್ಲಿ ಉತ್ತರಿಸಬೇಕಾಗುತ್ತದೆ. ಆದ್ದರಿಂದ ಮುಂದಿನ ಸಲ ಸಾಮಾನು ಮರಳಿಸುವಾಗ ಹರಿದ ದಫ್ಫನ್ನು ಎಲ್ಲಕ್ಕಿಂತ ಮೇಲಿಡಿರಿ. ಮಾಲಿಕ ನೋಡುವ ಮುಂಚೆ ನೀವೇ ಹೇಳಿರಿ.