ಬಾವು ಯಾಕೆ ಬರುತ್ತದೆ? ಕೀಮೊಕೈನ್ ಎಂಬ ಪ್ರೋಟೀನಿನ ಕಥೆ

ಹೋದ ತಿಂಗಳು ಹೊಲದಲ್ಲಿ ನನ್ನ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಸಂಜೆ ಹೊತ್ತಿಗೆ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿತು. ಎರಡು ದಿನಕ್ಕೆ ಕೀವು ಬಂತು. ಚುಚ್ಚಿದ್ದು ಇಷ್ಟೇ ಇಷ್ಟು ಮುಳ್ಳು, ಬಾವು ಮಾತ್ರ ನಿಂಬೆಹಣ್ಣಿನಷ್ಟು! ಯಾಕೆ ಹೀಗೆ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ, ಅವರು ಕೊಟ್ಟ ಪುಸ್ತಕದಲ್ಲಿ ಓದಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಕೀಮೊಕೈನ್ ಎಂದರೇನು?

ಬೆಲ್ಲದ ಚೂರು ನೆಲಕ್ಕೆ ಬಿದ್ದರೆ ಇರುವೆಗಳನ್ನು ಯಾರೂ ಕರೆಯಬೇಕಾಗಿಲ್ಲ. ವಾಸನೆ ಹಿಡಿದು ಸಾಲಾಗಿ ಬರುತ್ತವೆ. ನಮ್ಮ ಮೈಯಲ್ಲೂ ಹಾಗೇ. ಗಾಯವಾದ ಕಡೆಯ ಜೀವಕೋಶಗಳು ಪುಟ್ಟ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವೇ ಕೀಮೊಕೈನ್‌ಗಳು. ಹೆಚ್ಚಿನವುಗಳಲ್ಲಿ 70ರಿಂದ 100 ಅಮೈನೋ ಆಮ್ಲಗಳಿರುತ್ತವೆ. ಮನುಷ್ಯರಲ್ಲಿ ಸುಮಾರು 50 ಬಗೆಯವು ಇವೆ. ಬಿಳಿ ರಕ್ತಕಣಗಳ ಮೇಲೆ ಇವನ್ನು ಗುರುತು ಹಿಡಿಯುವ ಗ್ರಾಹಕಗಳಿವೆ. ಬೀಗಕ್ಕೆ ತಕ್ಕ ಕೀಲಿ ಇದ್ದಂತೆ.

ಬಾವು ಆಗುವ ರೀತಿ

1987ರಲ್ಲಿ ವಿಜ್ಞಾನಿಗಳು ಇಂಟರ್‌ಲ್ಯೂಕಿನ್-8 ಎಂಬ ಕೀಮೊಕೈನನ್ನು ಕಂಡುಹಿಡಿದರು. ಇದು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಕರೆಯುತ್ತದೆ. ಅವು ರಕ್ತನಾಳದ ಗೋಡೆಗೆ ಅಂಟಿಕೊಂಡು, ಸಂದಿಯಲ್ಲಿ ನುಸುಳಿ, ಕೀಮೊಕೈನ್ ಹೆಚ್ಚಾಗಿರುವ ಕಡೆಗೆ ಸಾಗುತ್ತವೆ. ಅಲ್ಲಿ ರೋಗಾಣುಗಳನ್ನು ನುಂಗಿ ತಾವೂ ಸಾಯುತ್ತವೆ. ನಾವು ಅಸಹ್ಯಪಡುವ ಕೀವಿನಲ್ಲಿ ಹೆಚ್ಚಾಗಿ ಇರುವುದು ನಮಗಾಗಿ ಸತ್ತ ಈ ಕಣಗಳೇ! ಕೆಲಸ ಮುಗಿದ ಮೇಲೆ ಕರೆ ನಿಲ್ಲುತ್ತದೆ, ಬಾವು ಇಳಿಯುತ್ತದೆ.

ಕರೆ ನಿಲ್ಲದಿದ್ದರೆ?

ಇಲ್ಲಿಂದ ಕಷ್ಟ ಶುರು. ಗೆಡ್ಡೆಗಳಲ್ಲಿ ಬಿಳಿ ಕಣಗಳು ಇರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೊ 1863ರಲ್ಲೇ ಗಮನಿಸಿದ್ದರು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉರಿಯೂತವಿದ್ದರೆ ಅಲ್ಲಿನ ಕೋಶಗಳ ಡಿ.ಎನ್.ಎ. ಕೆಡಬಹುದು. ಕ್ಯಾನ್ಸರ್ ಕೋಶ ಬಲು ಕಳ್ಳ. ಅದೂ ಕೀಮೊಕೈನ್ ಬಿಡುತ್ತದೆ.

1. ಇಂಟರ್‌ಲ್ಯೂಕಿನ್-8ರಿಂದ ಹೊಸ ರಕ್ತನಾಳ ಬೆಳೆಸಿಕೊಂಡು ಆಹಾರ ಪಡೆಯುತ್ತದೆ.
2. ಸಿ.ಸಿ.ಎಲ್.-2 ಎಂಬುದರಿಂದ ಬಿಳಿ ಕಣಗಳನ್ನು ಕರೆದು, ಅವುಗಳಿಂದ ತನ್ನ ಚಾಕರಿ ಮಾಡಿಸಿಕೊಳ್ಳುತ್ತದೆ. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆಗೆದ ಹಾಗೆ.
3. ಬೇರೆ ಅಂಗಗಳಿಗೆ ಹರಡುತ್ತದೆ. ಸ್ತನ ಕ್ಯಾನ್ಸರಿನ ಕೋಶಗಳ ಮೇಲೆ ಸಿ.ಎಕ್ಸ್.ಸಿ.ಆರ್.-4 ಎಂಬ ಗ್ರಾಹಕ ಹೆಚ್ಚಾಗಿರುವುದೂ, ಅದನ್ನು ಸೆಳೆಯುವ ಕೀಮೊಕೈನ್ ಶ್ವಾಸಕೋಶ, ಯಕೃತ್ತು, ಮೂಳೆಮಜ್ಜೆಗಳಲ್ಲಿ ಹೇರಳವಾಗಿರುವುದೂ 2001ರಲ್ಲಿ ಗೊತ್ತಾಯಿತು. ಆ ಕ್ಯಾನ್ಸರ್ ಹೆಚ್ಚಾಗಿ ಹರಡುವುದೂ ಈ ಅಂಗಗಳಿಗೇ.

ಹಾಗಾದರೆ ಎಲ್ಲ ಕೀಮೊಕೈನನ್ನೂ ತಡೆದುಬಿಡೋಣವೇ? ಆಗದು. ಸಿ.ಎಕ್ಸ್.ಸಿ.ಎಲ್.-10ರಂಥವು ಕ್ಯಾನ್ಸರನ್ನು ಕೊಲ್ಲುವ ಟಿ-ಕೋಶಗಳನ್ನು ಕರೆತರುತ್ತವೆ. ಆದ್ದರಿಂದ ಆರಿಸಿ ಹೊಡೆಯುವ ಔಷಧ ಬೇಕು. ಸಿ.ಸಿ.ಆರ್.-4 ಗ್ರಾಹಕವಿರುವ ಕೋಶಗಳಿಗೇ ಗುರಿಯಿಡುವ ಮೊಗಾಮುಲಿಜುಮಾಬ್ ಎಂಬ ಔಷಧಕ್ಕೆ 2012ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು. ಅದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ.

ನಮ್ಮ ಮನೆಯ ಮಾತು

ಇದನ್ನೆಲ್ಲ ಓದುವಾಗ ನನಗೆ ತಾತನ ನೆನಪಾಯಿತು. ಅವರ ಬಾಯಲ್ಲಿ ಸದಾ ಎಲೆ, ಅಡಿಕೆ, ಹೊಗೆಸೊಪ್ಪು. ಕೆನ್ನೆಯ ಒಳಗೆ ಒಂದು ಹುಣ್ಣು ಯುಗಾದಿಯಿಂದಲೂ ಇದೆ. “ತಾತ, ನನ್ನ ಕಾಲಿನ ಬಾವು ಇಳೀತು, ನಿನ್ನ ಹುಣ್ಣು ಯಾಕೆ ಇಳೀಲಿಲ್ಲ?” ಅಂದೆ. “ಸುಣ್ಣ ಸುಟ್ಟಿದೆ ಬಿಡವ್ವ” ಅಂದರು. ನಾನು ಬಿಡಲಿಲ್ಲ. ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ. ತಾತನ ಎಲೆ ಚೀಲ ಮಾತ್ರ ಈಗ ಅಟ್ಟದ ಮೇಲಿದೆ.

ನೆನಪಿಡಿ: ಹೊಗೆಸೊಪ್ಪಷ್ಟೇ ಅಲ್ಲ, ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಬಾಯಿಯ ಹುಣ್ಣು ಎರಡು ಮೂರು ವಾರ ಕಳೆದರೂ ಮಾಯದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಜ್ಜ-ಅಜ್ಜಿಯರನ್ನು ಒಮ್ಮೆ ಕೇಳಿ ನೋಡಿ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ